ಬೇಕರಿಯವರೇ, ನಿಮ್ಮ ಒಲೆಯನ್ನು ಒಂದು ಹೊತ್ತು ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಒಂದೇ ಮಾತು. ಹಬ್ಬದ ತಿಂಡಿ ಮನೆಯಲ್ಲಿ ಮಾಡೋದಾ, ಬೇಕರಿಯಿಂದ ತರೋದಾ? ದೀಪಾವಳಿಗೆ, ರಂಜಾನ್‌ಗೆ ಬೇರೆಯವರ ಮನೆಗಳಲ್ಲೂ ಇದೇ ಮಾತು ಇರುತ್ತದೆ ಅಲ್ವಾ. ಹಾಗಾಗಿ ಕ್ರಿಸ್‌ಮಸ್‌ಗೆ ಇನ್ನೂ ಎರಡು ವಾರ ಇರುವಾಗಲೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುತ್ತೇನೆ. ನಮ್ಮವರು ಲಗೇಜ್ ಆಟೊ ಓಡಿಸುತ್ತಾರೆ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಹಬ್ಬದ ತಿಂಡಿಗೆ ಅಂತ ತೆಗೆದಿಡುವುದು 1500 ರೂಪಾಯಿ. ಅಷ್ಟರಲ್ಲಿ ಮನೆಯವರು ತಿನ್ನಬೇಕು, ಹದಿನಾಲ್ಕು ಮನೆಗೆ ತಟ್ಟೆ ಕಳಿಸಬೇಕು. ತಟ್ಟೆ ಬಿಡುವ ಹಾಗಿಲ್ಲ. ಯುಗಾದಿಗೆ ಎದುರು ಮನೆ ಅಕ್ಕ ಬಾಳೆಲೆ ಸುತ್ತಿ ಹೋಳಿಗೆ ಕಳಿಸುತ್ತಾರೆ. ರಂಜಾನ್‌ಗೆ ಮೂಲೆ ಮನೆ ಚಾಚಿ ಡಬ್ಬಿ ತುಂಬ ಸುರ್‌ಕುಂಬ ಕೊಡುತ್ತಾರೆ. ಕ್ರಿಸ್‌ಮಸ್ ದಿನ ಅವರ ಮನೆಗೆ ನಮ್ಮಿಂದ ಏನೂ ಹೋಗದಿದ್ದರೆ ನನಗೆ ಅವತ್ತು ಊಟ ಸೇರುವುದಿಲ್ಲ.

‘ಮನೇಲಿ ಮಾಡಿಕೊಂಡರೆ ಖರ್ಚೇ ಇಲ್ಲ’ ಎನ್ನುವವರು ಜಾಸ್ತಿ. ‘ಈಗೆಲ್ಲ ಯಾರು ಮಾಡ್ತಾರೆ, ಸುಮ್ನೆ ತಂದುಬಿಡಿ’ ಎನ್ನುವವರೂ ಇದ್ದಾರೆ. ಎರಡೂ ಮಾತು ಕೇಳಿ ಕೇಳಿ ಸಾಕಾಗಿ, ಮೂರು ವರ್ಷದಿಂದ ಬ್ಲೌಸ್ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾನೇ ಲೆಕ್ಕ ಬರೆದಿಡುತ್ತಿದ್ದೇನೆ.

ಮೊದಲು ಕಲ್‌ಕಲ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೈದಾ ಹಿಟ್ಟನ್ನು ಕಾಯಿಹಾಲು, ಮೊಟ್ಟೆ, ಸಕ್ಕರೆ ಹಾಕಿ ಕಲಸಿ, ಗೋಲಿ ಗಾತ್ರದ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತಿ ಎಣ್ಣೆಯಲ್ಲಿ ಕರಿಯುವುದು. ಅತ್ತೆಯ ಕಾಲದಲ್ಲಿ ಇದಕ್ಕೆ ಅಂತಲೇ ಒಂದು ಹೊಸ ಬಾಚಣಿಗೆ ತಂದು ಇಡುತ್ತಿದ್ದರು. ಒಂದು ಕೆಜಿ ಮೈದಾಗೆ 2023ರಲ್ಲಿ ನನಗೆ ಬಿದ್ದ ಖರ್ಚು ಹೀಗಿದೆ. ಮೈದಾ 48, ಹಿಟ್ಟಿಗೂ ಪಾಕಕ್ಕೂ ಸೇರಿ ಸಕ್ಕರೆ ಅರ್ಧ ಕೆಜಿ 23, ತೆಂಗಿನಕಾಯಿ ಒಂದು 45, ಮೊಟ್ಟೆ ಎರಡು 14, ಹಿಟ್ಟು ಕುಡಿದ ಎಣ್ಣೆ 55, ಗ್ಯಾಸ್ ಅಂದಾಜು 25. ಒಟ್ಟು 210 ರೂಪಾಯಿ. ಬಂದ ಕಲ್‌ಕಲ್ 1 ಕೆಜಿ 800 ಗ್ರಾಂ. ಕೆಜಿಗೆ 117 ರೂಪಾಯಿ ಬಿತ್ತು. ಅಂಗಡಿಯಲ್ಲಿ ಕೆಜಿಗೆ 380 ಇತ್ತು. ಹಿಟ್ಟಿಗೆ ಕಾಯಿಸಿದ ತುಪ್ಪ ಹಾಕಿದರೆ ಗರಿಗರಿ ಇನ್ನೂ ಚೆನ್ನ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಇಳಿದು ಲೀಟರಿಗೆ 610ಕ್ಕೆ ಬಂದಿದ್ದ ನಂದಿನಿ ತುಪ್ಪ ನವೆಂಬರ್‌ನಲ್ಲಿ 700 ಆಯಿತು. ಹಾಗಾಗಿ ನಾನು ಬಿಸಿ ಎಣ್ಣೆಯನ್ನೇ ಹಾಕುತ್ತೇನೆ.

ಇಷ್ಟಕ್ಕೇ ಲೆಕ್ಕ ಮುಗಿಸಿದರೆ ಮನೆಯದೇ ಗೆದ್ದಿತು. ಆದರೆ ನಾನು ಇನ್ನೊಂದು ಸಾಲು ಬರೆದಿದ್ದೇನೆ. ಒಬ್ಬಳೇ ಕೂತು ಆ ಒಂದು ಕೆಜಿ ಹಿಟ್ಟು ಸುತ್ತಿ ಕರಿಯಲು ಐದು ಗಂಟೆ ಬೇಕಾಯಿತು. ಅಷ್ಟು ಹೊತ್ತಿನಲ್ಲಿ ಎರಡು ಬ್ಲೌಸ್ ಮುಗಿಯುತ್ತಿತ್ತು. ಅಂದರೆ 300 ರೂಪಾಯಿ. ಅದನ್ನೂ ಸೇರಿಸಿದರೆ ಕೆಜಿಗೆ 283. ಉಳಿದದ್ದು ನೂರು ರೂಪಾಯಿಗೂ ಕಡಿಮೆ. ಹೆಂಗಸರ ಹೊತ್ತಿಗೆ ಬೆಲೆ ಕಟ್ಟದೆ ‘ಮನೇಲಿ ಖರ್ಚೇ ಇಲ್ಲ’ ಎಂದರೆ ನನಗೆ ಸಂಕಟವಾಗುತ್ತದೆ. ನಮ್ಮ ಅತ್ತೆ ಮೂವತ್ತು ವರ್ಷ ಹೀಗೆ ಒಲೆಯ ಮುಂದೆ ಕೂತವರು. ಒಂದು ವರ್ಷ 24ರ ರಾತ್ರಿ ಅವರ ಕಾಲು ಊದಿಕೊಂಡು ಚಪ್ಪಲಿ ಹಿಡಿಯಲಿಲ್ಲ. ಎಲ್ಲರೂ ನಡುರಾತ್ರಿ ಪೂಜೆಗೆ ಹೋದೆವು. ತಿಂಡಿ ಮಾಡಿದವರು ಮನೆಯಲ್ಲೇ ಉಳಿದರು.

ಅದಕ್ಕೆ ಹೋದ ವರ್ಷದಿಂದ ನಾಲ್ಕು ಮನೆಯವರು ಸೇರಿ ಒಂದೇ ಬಾಣಲೆ ಇಡುತ್ತೇವೆ. ಸಾಮಾನು ಅವರವರದು, ಎಣ್ಣೆಯ ದುಡ್ಡು ಪಾಲು. ಒಬ್ಬರೇ ಕರಿದರೂ ಬಾಣಲೆಗೆ ಒಂದು ಲೀಟರ್ ಎಣ್ಣೆ ಸುರಿಯಲೇಬೇಕು. ಅರ್ಧಕ್ಕಿಂತ ಜಾಸ್ತಿ ಉಳಿದು, ಆ ಕರಿದ ಎಣ್ಣೆಯನ್ನೇ ಹದಿನೈದು ದಿನ ಒಗ್ಗರಣೆಗೆ ಹಾಕಬೇಕು. ಸೇರಿ ಕರಿದರೆ ಎಣ್ಣೆ ಅಲ್ಲೇ ಖರ್ಚಾಗುತ್ತದೆ. ಒಂದು ಕ್ರಮ ಮಾತ್ರ ತಪ್ಪಬಾರದು. ಮೊದಲು ಅಚ್ಚಿನ ಹೂವು. ಅಂಗಡಿಯಲ್ಲಿ ರೋಸ್ ಕುಕೀಸ್ ಅಂತ ಮಾರುವುದು ಇದನ್ನೇ. ಆಮೇಲೆ ಕಲ್‌ಕಲ್, ಕೊನೆಗೆ ಚಕ್ಕುಲಿ, ನಿಪ್ಪಟ್ಟು. ಖಾರದ್ದು ಮೊದಲು ಕರಿದರೆ ಎಳ್ಳು, ಮೆಣಸಿನಪುಡಿ ತಳದಲ್ಲಿ ಸುಟ್ಟು ಸಿಹಿಗೆಲ್ಲ ಆ ವಾಸನೆ ಹಿಡಿಯುತ್ತದೆ. ಅಚ್ಚಿನ ಹೂವಿಗೆ ಅಚ್ಚು ಎಣ್ಣೆಯಲ್ಲೇ ಚೆನ್ನಾಗಿ ಕಾದಿರಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಮುಳುಗಬೇಕು. ಮೇಲಿನ ತನಕ ಹಿಟ್ಟು ಹತ್ತಿದರೆ ಹೂವು ಅಚ್ಚು ಬಿಟ್ಟು ಬರುವುದಿಲ್ಲ. ಮೊದಲ ನಾಲ್ಕೈದು ಹೂವು ಹಾಳಾಗುವುದು ಎಲ್ಲರಿಗೂ ಇದ್ದದ್ದೇ.

ಹೋದ ವರ್ಷ ಮೂಲೆ ಮನೆ ಚಾಚಿ ತಾವೇ ಒಂದು ಫೋರ್ಕ್ ಹಿಡಿದುಕೊಂಡು ಬಂದರು. ‘ನೀನು ಕರಿಯವ್ವ, ಸುತ್ತೋದು ನಮಗೆ ಬಿಡು’ ಎಂದು ಮಕ್ಕಳನ್ನು ಸುತ್ತ ಕೂರಿಸಿಕೊಂಡರು. ಮಕ್ಕಳು ಸುತ್ತಿದ್ದು ಕೆಲವು ದಪ್ಪ, ಕೆಲವು ಬಿಚ್ಚಿಕೊಂಡವು. ನಾಲ್ಕು ಮನೆಯ ತಿಂಡಿ ಒಂದೇ ಮಧ್ಯಾಹ್ನ ಮುಗಿಯಿತು. ಸಂಜೆ ನಾನು ಮಿಷನ್ ಮೇಲೆ ಕೂತು ಒಂದು ಬ್ಲೌಸೂ ಮುಗಿಸಿದೆ.

ತಟ್ಟೆ ತುಂಬಲು ಖಾರ ಮಂಡಕ್ಕಿಯೂ ಇರುತ್ತದೆ. ಮಂಡಕ್ಕಿ ಮನೆಯಲ್ಲಿ ಮಾಡುವ ಮಾತೇ ಇಲ್ಲ, ನಮ್ಮ ಊರಿನ ಭಟ್ಟಿಗಳಲ್ಲಿ ಬಿಸಿ ಮರಳಿನಲ್ಲಿ ಹುರಿದದ್ದನ್ನೇ ತರಬೇಕು. ಬೆಳ್ಳುಳ್ಳಿ, ಕರಿಬೇವು, ಕಡಲೆಬೀಜದ ಒಗ್ಗರಣೆ ಮಾತ್ರ ನಮ್ಮದು. ಹೀಗೆ ಅಂಗಡಿಯದೂ ಮನೆಯದೂ ಕೂಡಿದ ತಿಂಡಿ ನಮ್ಮ ಊರಿಗೆ ಹೊಸದೇನಲ್ಲ.

ಕಷ್ಟ ಇರುವುದು ಕೇಕಿನಲ್ಲಿ. ಈ ಪತ್ರ ಬರೆದಿದ್ದೂ ಅದಕ್ಕೇ.

ನಾವು ಹೋಗುವ ಬೇಕರಿಯಲ್ಲಿ ಪ್ಲಮ್ ಕೇಕ್ ಕೆಜಿಗೆ 480. ಹದಿನಾಲ್ಕು ತಟ್ಟೆಗೆ ಒಂದೊಂದು ತುಂಡು ಇಟ್ಟು ಮಕ್ಕಳಿಗೂ ಉಳಿಯಬೇಕಾದರೆ ಎರಡು ಕೆಜಿ ಬೇಕೇ ಬೇಕು. ಅಲ್ಲಿಗೆ 960, ನನ್ನ 1500ರಲ್ಲಿ ಅರ್ಧಕ್ಕಿಂತ ಜಾಸ್ತಿ. ಮನೆಯಲ್ಲಿ ಕಲಸಿದರೆ ಒಂದು ಟಿನ್‌ಗೆ ಬೆಣ್ಣೆ ಕಾಲು ಕೆಜಿ 145, ಮೊಟ್ಟೆ ಐದು 35, ಒಣದ್ರಾಕ್ಷಿ, ಗೋಡಂಬಿ ಸೇರಿ 90, ಮೈದಾ 12, ಸಕ್ಕರೆ 14, ಚಕ್ಕೆ, ಲವಂಗ, ಜಾಯಿಕಾಯಿ 14, ಟೂಟಿ ಫ್ರೂಟಿಗೆ 20. ಒಟ್ಟು 330. ಬೆಂದ ಮೇಲೆ 1 ಕೆಜಿ 200 ಗ್ರಾಂ ತೂಗುತ್ತದೆ.

ಟೂಟಿ ಫ್ರೂಟಿಯನ್ನು ನಾನು ಕೊಳ್ಳುವುದಿಲ್ಲ. ಅದು ಹಸಿ ಪರಂಗಿಕಾಯಿ, ಬೇರೇನೂ ಅಲ್ಲ. ಇಲ್ಲಿನ ಕೆ.ಆರ್. ಮಾರ್ಕೆಟ್‌ನಲ್ಲಿ ಒಳಗೆ ಬೆಳ್ಳಗಿರುವ ಕಾಯಿ ನೋಡಿ ತರುತ್ತೇನೆ. ಸಿಪ್ಪೆ ತೆಗೆದು ಸಣ್ಣ ಚೌಕ ಹೆಚ್ಚಿ, ಕುದಿಯುವ ನೀರಿನಲ್ಲಿ ಗಾಜಿನ ಹಾಗೆ ಆಗುವ ತನಕ ಬೇಯಿಸಿ, ಸೋಸಿ, ಸಕ್ಕರೆ ಪಾಕದಲ್ಲಿ ಒಂದು ರಾತ್ರಿ ಬಿಟ್ಟು, ಎರಡು ದಿನ ತಟ್ಟೆಯಲ್ಲಿ ಒಣಗಿಸಿದರೆ ಆಯಿತು. ಅರ್ಧಕ್ಕೆ ಬೀಟ್‌ರೂಟ್ ನೀರು ಹಾಕಿದರೆ ಕೆಂಪು. ಉಳಿದರ್ಧ ಹಾಗೇ ಇರಲಿ. ಒಂದು ಕಾಯಿ ಮೂರು ಟಿನ್‌ಗೆ ಸಾಕು. ಒಣದ್ರಾಕ್ಷಿಗೆ ರಮ್ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಕಪ್ಪು ದ್ರಾಕ್ಷಿ ಕಿವುಚಿ ಕಾಯಿಸಿದ ರಸದಲ್ಲಿ ನೆನೆಸುತ್ತೇವೆ. ಬಿಡಿ ಬೆಣ್ಣೆ ತಂದರೆ ತಣ್ಣೀರಿನಲ್ಲಿ ಎರಡು ಸಲ ತೊಳೆದು ನೀರು ಹಿಂಡಬೇಕು. ಹುಳಿ ಉಳಿದ ಬೆಣ್ಣೆ ದೋಸೆಗೆ ಆಗುತ್ತದೆ, ಕೇಕಿಗೆ ಆಗುವುದಿಲ್ಲ.

ಇಷ್ಟೆಲ್ಲ ಮಾಡಿ ಬೇಯಿಸುವುದು ಎಲ್ಲಿ? ಕರೆಂಟ್ ಓವನ್‌ಗೆ ಸಾವಿರಗಟ್ಟಲೆ ಬೇಕು. ವರ್ಷಕ್ಕೆ ಒಂದು ಸಲ ಬೇಯಿಸುವ ಕೇಕಿಗೆ ಅದನ್ನು ಯಾರು ತರುತ್ತಾರೆ? 2023ರಲ್ಲಿ ನಾನು ಕುಕ್ಕರಿನ ಗ್ಯಾಸ್ಕೆಟ್ ತೆಗೆದು, ತಳಕ್ಕೆ ಮರಳು ಹಾಕಿ, ಒಂದೂವರೆ ಗಂಟೆ ಗ್ಯಾಸ್ ಉರಿಸಿದೆ. ತಳ ಕರಿ ಆಯಿತು, ನಡುವೆ ಹಸಿ ಹಿಟ್ಟು ಹಾಗೇ ಇತ್ತು. ಮುನ್ನೂರು ರೂಪಾಯಿಯ ಸಾಮಾನು ಕಣ್ಣ ಮುಂದೆ ಹೋಯಿತು. ಮಗಳು ‘ಅಮ್ಮ, ಅಂಚು ಚೆನ್ನಾಗಿದೆ’ ಎಂದು ಸುತ್ತಲಿನ ಅಂಚನ್ನು ಮುರಿದು ಮುರಿದು ತಿಂದಳು. ಆ ವರ್ಷ ತಟ್ಟೆಗಳಲ್ಲಿ ಕೇಕ್ ಇರಲಿಲ್ಲ.

ಆಗ ಅತ್ತೆ ಹಳೆಯ ಮಾತು ತೆಗೆದರು. ಮಾವ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಇದ್ದಾಗ ಮನೆಯಲ್ಲಿ ಸೀಮೆಎಣ್ಣೆ ಸ್ಟೌ ಒಂದೇ ಇತ್ತಂತೆ. ಕೇಕಿನ ಹಿಟ್ಟನ್ನು ಟಿನ್‌ಗೆ ಹಾಕಿ, ಮಾವ ಸೈಕಲ್ ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಬೇಕರಿಗೆ ಒಯ್ಯುತ್ತಿದ್ದರು. ಬೇಕರಿಯ ಸೌದೆ ಒಲೆಯಲ್ಲಿ ಬ್ರೆಡ್, ಬನ್ ಎಲ್ಲ ಬೆಂದು ಮುಗಿದ ಮೇಲೂ ಕಾವು ಬಹಳ ಹೊತ್ತು ಉಳಿಯುತ್ತದೆ. ಬ್ರೆಡ್ಡಿಗೆ ಸಾಲದ ಆ ಇಳಿಗಾವು ಪ್ಲಮ್ ಕೇಕಿಗೆ ಸರಿಯಾದ ಹದ. ನಾಲ್ಕೈದು ಮನೆಯ ಟಿನ್ ಒಟ್ಟಿಗೆ ಒಳಗೆ ಹೋಗುತ್ತಿದ್ದವು. ಅದಲುಬದಲು ಆಗದಿರಲಿ ಅಂತ ಒಬ್ಬೊಬ್ಬರು ಒಂದೊಂದು ಗುರುತು ಇಡುತ್ತಿದ್ದರು. ನಮ್ಮ ಮನೆಯ ಗುರುತು ಮೇಲೆ ಐದು ಗೋಡಂಬಿ.

ಚಾಚಿಗೆ ಇದು ಹೊಸದಾಗಿ ಕೇಳಿಸಲಿಲ್ಲ. ಅವರ ಮನೆಯಲ್ಲಿ ಮದುವೆಗೆ ಈಗಲೂ ಹಿಟ್ಟು, ಸಕ್ಕರೆ, ವನಸ್ಪತಿ ಬೇಕರಿಗೆ ಕೊಟ್ಟು ನಾನ್‌ಖಟಾಯಿ ಮಾಡಿಸಿಕೊಂಡು ಬರುತ್ತಾರೆ. ಅದಕ್ಕೆ ಆಗುವುದು ನಮ್ಮ ಕೇಕಿಗೆ ಯಾಕೆ ಆಗಬಾರದು?

ಹೋದ ವರ್ಷ ಮೂರು ಬೇಕರಿಗಳಲ್ಲಿ ಕೇಳಿದೆ. ಇಬ್ಬರು ಆಗಲ್ಲ ಎಂದರು. ಮೂರನೆಯವರ ಮನೆಯ ಬ್ಲೌಸ್ ನಾನೇ ಹೊಲಿಯುವುದು, ಆ ಸಲುಗೆಯಲ್ಲಿ ಒಪ್ಪಿದರು. ಟಿನ್‌ಗೆ 50 ರೂಪಾಯಿ ತೆಗೆದುಕೊಂಡರು. ಕೇಕ್ ಒಂದೇ ಸಮ ಬೆಂದು ಬಂತು. ಆ ಐವತ್ತು ಸೇರಿಸಿಯೂ ಕೆಜಿಗೆ 317 ರೂಪಾಯಿ ಬಿತ್ತು, ಅದೂ ಬೆಣ್ಣೆಯ ಕೇಕ್. ನನಗೆ ಸಲುಗೆಯ ಮೇಲೆ ಸಿಕ್ಕಿದ್ದು ಎಲ್ಲರಿಗೂ ಸಿಗಬೇಕು ಎನ್ನುವುದು ನನ್ನ ಆಸೆ.

ಬೇಕರಿಯವರು ದುಬಾರಿ ಅಂತಲೋ, ಅವರ ಕೇಕ್ ಕೆಟ್ಟದ್ದು ಅಂತಲೋ ನಾನು ಹೇಳುತ್ತಿಲ್ಲ. 2024ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಕೇಕಿನ 235 ಮಾದರಿ ಪರೀಕ್ಷೆ ಮಾಡಿಸಿ, 12ರಲ್ಲಿ ಅಪಾಯಕಾರಿ ಬಣ್ಣ ಇದೆ ಎಂದಾಗ ನಮ್ಮ ಓಣಿಯಲ್ಲಿ ಎಷ್ಟೋ ಜನ ಬೇಕರಿಗೆ ಹೋಗುವುದನ್ನೇ ಬಿಟ್ಟರು. ಉಳಿದ 223 ಸರಿ ಇದ್ದವು ಎನ್ನುವುದನ್ನು ಯಾರೂ ಮಾತಾಡಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕೇಕ್, ಬಿಸ್ಕತ್ತಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಾಗ ನಮ್ಮ ಬೇಕರಿಯಲ್ಲೂ ಬೆಲೆ ಇಳಿಯುತ್ತದೆ ಅಂತ ಕಾದೆ, ಇಳಿಯಲಿಲ್ಲ. ಲೆಕ್ಕಪತ್ರ ಬರೆಯುವ ಪಕ್ಕದ ಮನೆ ಹುಡುಗ ಬಿಡಿಸಿ ಹೇಳಿದ. ಚಿಕ್ಕ ಬೇಕರಿಗಳಲ್ಲಿ ಬಹಳಷ್ಟು ಕಾಂಪೊಸಿಷನ್ ಸ್ಕೀಮಿನಲ್ಲಿ, ಅಂದರೆ ಚಿಕ್ಕ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ತಾವೇ ಸ್ವಲ್ಪ ತೆರಿಗೆ ಕಟ್ಟುವ ಏರ್ಪಾಟಿನಲ್ಲಿ ಇರುತ್ತವೆ, ಅವು ಗಿರಾಕಿಯ ಬಿಲ್ಲಿಗೆ ಆ ತೆರಿಗೆಯನ್ನು ಹಾಕುವುದೇ ಇಲ್ಲ ಅಂತೆ. ಮೊದಲೇ ಹಾಕದಿದ್ದದ್ದನ್ನು ಇಳಿಸುವುದು ಹೇಗೆ? ಅವರದೂ ನಮ್ಮ ಹಾಗೆ ದುಡಿದು ತಿನ್ನುವ ಸಂಸಾರವೇ.

ಹಾಗಾಗಿ ದಾವಣಗೆರೆ, ಹರಿಹರದ ಬೇಕರಿ ಮಾಲೀಕರಲ್ಲಿ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಡಿಸೆಂಬರ್ 20ರಿಂದ 23ರ ತನಕ ದಿನಕ್ಕೆ ಒಂದು ಹೊತ್ತು, ನಿಮ್ಮ ಬನ್ ಬೆಂದು ಮುಗಿದ ಮೇಲೆ, ಒಲೆಯನ್ನು ನಮಗೆ ಕೊಡಿ. ‘ಕೇಕ್ ಬೇಯಿಸಿ ಕೊಡುತ್ತೇವೆ’ ಎಂದು ಒಂದು ಬೋರ್ಡ್ ಹಾಕಿ, ಟಿನ್‌ಗೆ ಇಷ್ಟು ಅಂತಲೂ ಬರೆಯಿರಿ. ಗಂಟೆ ಮಾತ್ರ ಮೊದಲೇ ಹೇಳಬೇಕು. ಬೇಕಿಂಗ್ ಪೌಡರ್ ಬಿದ್ದ ಹಿಟ್ಟು ಕಾಯುವುದಿಲ್ಲ, ಕೂತರೆ ಕೇಕ್ ಉಬ್ಬುವುದಿಲ್ಲ. ಹಿಟ್ಟಿನ ಹದ ತಪ್ಪಿ ಕೆಟ್ಟರೆ ಆ ಹೊಣೆ ನಮ್ಮದು. ಬೇಕಾದರೆ ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಡುತ್ತೇವೆ. ನಿಮ್ಮ ಕೇಕ್ ವ್ಯಾಪಾರ ಕಮ್ಮಿ ಆಗುತ್ತದೆ ಎನ್ನುವ ಯೋಚನೆ ಬೇಡ. ಟಿನ್ ಹೊತ್ತು ಬರುವ ನಾವು ಹೇಗಿದ್ದರೂ ಅರ್ಧ ಕೆಜಿ ತೆಗೆದುಕೊಂಡು ಹೋಗುತ್ತಿದ್ದವರು. ಕಾಯುವ ಹೊತ್ತಿನಲ್ಲಿ ಬ್ರೆಡ್ಡೂ ತೆಗೆದುಕೊಳ್ಳುತ್ತೇವೆ, ಮಕ್ಕಳಿಗೆ ಪಫ್ಸೂ ಕೊಡಿಸುತ್ತೇವೆ.

ಚರ್ಚಿನ ಹಿರಿಯರೂ ಭಾನುವಾರದ ಪೂಜೆ ಮುಗಿದ ಮೇಲೆ ಯಾವ ಬೇಕರಿ ಒಪ್ಪಿದೆ, ಎಷ್ಟು ಗಂಟೆಗೆ ಅಂತ ಒಂದು ಮಾತು ಹೇಳಿದರೆ ಒಬ್ಬೊಬ್ಬರೂ ಬಾಗಿಲು ಬಾಗಿಲು ಕೇಳಿಕೊಂಡು ಹೋಗುವುದು ತಪ್ಪುತ್ತದೆ.

ನಾನು ಈ ವಾರ ಪರಂಗಿಕಾಯಿ ತರುತ್ತೇನೆ. ನನ್ನ ಹತ್ತಿರ ಎರಡು ಟಿನ್ ಇವೆ, ಚಾಚಿ ಇನ್ನೊಂದು ಕೊಡುತ್ತೇನೆ ಎಂದಿದ್ದಾರೆ. ಯಾವ ಬೇಕರಿಯವರು ಯಾವ ಹೊತ್ತಿಗೆ ಕರೆದರೂ ಬರುತ್ತೇನೆ. ಗುರುತಿಗೆ ಮೇಲೆ ಐದು ಗೋಡಂಬಿ ಇರುತ್ತದೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ನಿಟುವಳ್ಳಿ, ದಾವಣಗೆರೆ