ಮಳೆಯ ಲೆಕ್ಕದ ಪಕ್ಕದಲ್ಲೇ ಉಬ್ಬರದ ಹೊತ್ತನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರದ ಮಳೆಯ ಬಗ್ಗೆ ನಿಮ್ಮ ಮುಖಪುಟದ ವರದಿ ಓದಿದೆ. ಎಷ್ಟು ಮಿಲಿಮೀಟರ್ ಸುರಿಯಿತು, ಯಾವ ಲೋಕಲ್ ರೈಲು ನಿಂತಿತು, ಎಲ್ಲೆಲ್ಲಿ ಮೊಣಕಾಲುದ್ದ ನೀರು, ಎಲ್ಲ ಇತ್ತು. ಆವತ್ತು ಉಬ್ಬರ ಎಷ್ಟು ಹೊತ್ತಿಗೆ ಬಂತು ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಮುಂಬಯಿಯ ಮಳೆ ಸುದ್ದಿಯಲ್ಲಿ ಅದಿಲ್ಲದಿದ್ದರೆ ಅರ್ಧ ಸುದ್ದಿಯೇ ಬಿಟ್ಟುಹೋದ ಹಾಗೆ. ಅದಕ್ಕೇ ಈ ಪತ್ರ.

ನಾನು ಹುಟ್ಟಿದ್ದು ಕುಂದಾಪುರ ಕಡೆಯ ಒಂದು ಕುದ್ರುವಿನಲ್ಲಿ. ಘಟ್ಟದ ಮೇಲಿನ ಓದುಗರಿಗೆ ಗೊತ್ತಿಲ್ಲದಿರಬಹುದು, ಹೊಳೆ ಕಡಲು ಸೇರುವ ಮುಂಚೆ ಒಡೆದು ಎರಡೂ ಕಡೆಯಿಂದ ಸುತ್ತಿಕೊಂಡ ನೆಲಕ್ಕೆ ನಮ್ಮಲ್ಲಿ ಕುದ್ರು ಅನ್ನುತ್ತಾರೆ. ಅಲ್ಲಿ ಬೆಳೆದವರಿಗೆ ನೀರಿನ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ. ದೋಣಿ ಯಾವಾಗ ಸಿಗುತ್ತದೆ, ಗದ್ದೆಯ ಕಿಂಡಿಗೆ ಹಲಗೆ ಯಾವಾಗ ಇಳಿಸಬೇಕು, ಉಪ್ಪುನೀರು ಎಲ್ಲಿವರೆಗೆ ಬರುತ್ತದೆ, ಇದೆಲ್ಲ ನಮ್ಮ ಅಮ್ಮ ತಿಥಿ ನೋಡಿಯೇ ಹೇಳುತ್ತಿದ್ದರು. ಹುಣ್ಣಿಮೆ ಹತ್ತಿರ ಬಂತು ಅಂದರೆ ಹೊಳೆಬದಿಗೆ ಒಣಗಲು ಹಾಕಿದ್ದನ್ನೆಲ್ಲ ಎತ್ತಿಡುತ್ತಿದ್ದರು.

ಹದಿನೇಳನೇ ವಯಸ್ಸಿಗೆ ಮುಂಬಯಿಯ ಕುರ್ಲಾದ ಹೋಟೆಲಿಗೆ ಮಾಣಿಯಾಗಿ ಬಂದೆ, ಈಗ ಗಲ್ಲೆಯಲ್ಲಿ, ಅಂದರೆ ದುಡ್ಡು ತೆಗೆದುಕೊಳ್ಳುವ ಮೇಜಿನಲ್ಲಿ, ಕೂರುತ್ತೇನೆ. ಈ ಮುಂಬಯಿಯೂ ಒಂದು ಕುದ್ರು ಅಂತ ನನಗೆ ಹೊಳೆಯಲು ತುಂಬ ವರ್ಷ ಬೇಕಾಯಿತು. ಪಶ್ಚಿಮಕ್ಕೆ ಕಡಲು, ಅದು ಎಲ್ಲರಿಗೂ ಕಾಣುತ್ತದೆ. ಉಳಿದ ಕಡೆ ನೋಡಿ. ಕರ್ಜತ್ ಕಡೆಯ ಘಟ್ಟದಲ್ಲಿ ಹುಟ್ಟುವ ಉಲ್ಹಾಸ್ ನದಿ ಬದ್ಲಾಪುರ, ಕಲ್ಯಾಣ ದಾಟಿ ಥಾಣೆಯ ಹತ್ತಿರ ಬರುತ್ತದೆ, ಅದರ ದೊಡ್ಡ ಪಾಲು ಉತ್ತರದ ವಸಾಯಿ ಖಾಡಿಯಾಗಿ (ಕಡಲ ಉಪ್ಪುನೀರು ಒಳಗೆ ಬರುವ ಹೊಳೆಗೆ ಇಲ್ಲಿ ಖಾಡಿ ಅನ್ನುತ್ತಾರೆ) ಕಡಲಿಗೆ ಹೋಗುತ್ತದೆ, ಸಣ್ಣ ಪಾಲು ಪೂರ್ವ ಬದಿಯ ಥಾಣೆ ಖಾಡಿಗೆ ಸೇರುತ್ತದೆ. ಒಳಗೆ ಉಳಿದ ನೆಲವೇ ಸಾಷ್ಟಿ ದ್ವೀಪ, ನಮ್ಮ ಉಪನಗರಗಳೂ ಥಾಣೆಯ ಹೆಚ್ಚಿನ ಭಾಗವೂ ಅದರ ಮೇಲೇ ಕೂತಿವೆ. ರೈಲಿನಲ್ಲಿ ಬರುವವರು ಭಾಯಂದರ್ ಹತ್ತಿರವೋ, ಕಳವಾ ದಾಟಿಯೋ, ವಾಶಿಯಿಂದಲೋ ನೀರು ದಾಟಿಯೇ ಒಳಗೆ ಬರಬೇಕು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ಯಾಸೆಂಜರ್ ರೈಲು ಬೋರಿಬಂದರ್‌ನಿಂದ ಹೊರಟು ಥಾಣೆಯಲ್ಲಿ ನಿಂತಿತಲ್ವಾ, ದ್ವೀಪ ಮುಗಿಯುವುದೇ ಅಲ್ಲಿ. ಖಾಡಿಗೆ ಸೇತುವೆ ಆದ ಮೇಲೆ, ಮರುವರ್ಷ ರೈಲು ಕಲ್ಯಾಣಕ್ಕೆ ಹೋಯಿತು.

ದಕ್ಷಿಣದ ಹಳೇ ಮುಂಬಯಿಯ ಕಥೆ ಶಾಲೆಯಲ್ಲೇ ಓದಿರುತ್ತೇವೆ. ಏಳು ದ್ವೀಪ, 1661ರಲ್ಲಿ ಪೋರ್ಚುಗೀಸರು ಇಂಗ್ಲೆಂಡಿನ ರಾಜನಿಗೆ ವರದಕ್ಷಿಣೆ ಕೊಟ್ಟದ್ದು, 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಹೋದದ್ದು. ಆದರೆ ನೀರು ನಿಲ್ಲುವ ವಿಷಯಕ್ಕೆ ಮುಖ್ಯವಾದದ್ದು ಅದರ ನಂತರದ ಕಥೆ. ಗವರ್ನರ್ ಹಾರ್ನ್‌ಬಿ ಕಾಲದಲ್ಲಿ, 1780ರ ದಶಕದಲ್ಲಿ, ವರಳಿ ಮತ್ತು ಮಹಾಲಕ್ಷ್ಮಿ ನಡುವಿನ ಕಂಡಿಗೆ ಕಟ್ಟೆ ಕಟ್ಟಿ ಕಡಲನ್ನು ಹೊರಗಿಟ್ಟರು. ಉಬ್ಬರ ಬಂದಾಗ ಮುಳುಗುತ್ತಿದ್ದ ಒಳಗಿನ ತಗ್ಗು ಬಯಲು ಹಾಗೆ ನೆಲವಾಯಿತು. ಆಮೇಲೆ ದ್ವೀಪಗಳ ನಡುವಿನ ನೀರಿಗೆ ಕಟ್ಟೆ ಹಾಕಿ ಸಾಯನ್ ದಾರಿ, ಕೊಲಾಬಾ ದಾರಿ, 1845ರಲ್ಲಿ ಮಾಹಿಮ್ ದಾರಿ. ಕಡಲು ಹೊರಗೆ ಹೋಯಿತು ನಿಜ, ಆದರೆ ತಗ್ಗು ತಗ್ಗಾಗಿಯೇ ಉಳಿಯಿತು. ಅಲ್ಲಿಯ ಪಾಯಧುನಿ ಅನ್ನುವ ಪೇಟೆಯ ಹೆಸರಿನ ಅರ್ಥವೇ ಕಾಲು ತೊಳೆಯುವ ಜಾಗ, ಹಿಂದೆ ಜನ ನೀರು ದಾಟಿ ಬಂದು ಕಾಲು ತೊಳೆದುಕೊಳ್ಳುತ್ತಿದ್ದರಂತೆ. ಉಮರ್‌ಖಾಡಿಯ ಹೆಸರಿನಲ್ಲೇ ಖಾಡಿ ಇದೆ.

ಇನ್ನು ಮಳೆ. ಉಡುಪಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಬೀಳುತ್ತದೆ. ಮುಂಬಯಿಗೆ ಅದಕ್ಕಿಂತ ಎಷ್ಟೋ ಕಡಿಮೆ, ಎರಡೂವರೆ ಸಾವಿರದ ಆಸುಪಾಸು, ಅದೂ ಹೆಚ್ಚುಕಡಿಮೆ ಪೂರ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಮಳೆ ಜಾಸ್ತಿ ಬಂತು, ಊರು ಮುಳುಗಿತು ಅಂತ ಸುಮ್ನೆ ಹೇಳಿಬಿಟ್ಟರೆ ಊರಲ್ಲಿರುವ ನಮ್ಮ ಜನ ಒಪ್ಪುವುದಿಲ್ಲ. ಪ್ರಶ್ನೆ ಇರುವುದು ಬಿದ್ದ ನೀರು ಹೋಗುವ ದಾರಿಯದು. ಇಲ್ಲಿಯ ಹಳೇ ಚರಂಡಿಗಳ ಲೆಕ್ಕ ಗಂಟೆಗೆ 25 ಮಿ.ಮೀ. ಮಳೆಗೆ, ಅದೂ ಕಡಲು ಇಳಿದಿರುವ ಹೊತ್ತಿನಲ್ಲಿ. ನೀರು ಕಡಲಿಗೆ ಬೀಳುವ ಬಾಯಿಗಳಲ್ಲಿ ಹೆಚ್ಚಿನವು ಉಬ್ಬರದ ಮಟ್ಟಕ್ಕಿಂತ ಕೆಳಗಿವೆ. ಉಬ್ಬರ ಏರಿದಾಗ ಬಾಯಿ ಮುಚ್ಚಿದ ಹಾಗೆಯೇ. ಆ ಹೊತ್ತಿಗೆ ಗಂಟೆಗೆ ಐವತ್ತು ಮಿ.ಮೀ. ಬಿದ್ದರೆ ನೀರು ಎಲ್ಲಿಗೆ ಹೋಗಬೇಕು?

ಉಬ್ಬರವೂ ಇಲ್ಲಿ ನಮ್ಮ ಊರಿನ ಹಾಗಲ್ಲ. ನಮ್ಮ ಉಡುಪಿ, ಮಂಗಳೂರು ತೀರದಲ್ಲಿ ಕಡಲು ಏರಿಳಿಯುವುದು ಒಂದೂವರೆ ಮೀಟರ್ ಅಷ್ಟೇ. ಉತ್ತರಕ್ಕೆ ಬಂದ ಹಾಗೆ ಅದು ಜಾಸ್ತಿಯಾಗುತ್ತದೆ, ಗುಜರಾತಿನ ಖಂಭಾತ್ ಕೊಲ್ಲಿಯಲ್ಲಂತೂ ಹತ್ತು ಮೀಟರ್ ದಾಟುತ್ತದೆ. ಮುಂಬಯಿ ಮಧ್ಯದಲ್ಲಿದೆ. ಇಲ್ಲಿ ನಾಲ್ಕೂವರೆ ಮೀಟರಿಗಿಂತ ಎತ್ತರದ ಉಬ್ಬರದ ದಿನಗಳು ಪ್ರತಿ ಮಳೆಗಾಲದಲ್ಲೂ ಇವೆ, ಪಾಲಿಕೆ ಮೇ ತಿಂಗಳ ಹೊತ್ತಿಗೇ ಅವುಗಳ ಪಟ್ಟಿ ಕೊಡುತ್ತದೆ. ದಿನಕ್ಕೆ ಎರಡು ಸಲ ಬರುವ ಉಬ್ಬರ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರ ಇಲ್ಲಿ ಮಧ್ಯಾಹ್ನ ಹನ್ನೆರಡು, ಒಂದು ಗಂಟೆಯ ಸುಮಾರಿಗೆ, ಮತ್ತೆ ನಡುರಾತ್ರಿ. ಮಧ್ಯಾಹ್ನ ಅಂದರೆ ಹೋಟೆಲಿನವರಿಗೆ ಊಟದ ಹೊತ್ತು, ಶಾಲೆಯ ಮಕ್ಕಳು ದಾರಿಯಲ್ಲಿರುವ ಹೊತ್ತು.

2005ರ ಜುಲೈ 26ರ ಆ ಮಹಾಮಳೆಯನ್ನು ಯಾರು ಮರೆಯುತ್ತಾರೆ? ಆ ದಿನದ ಒಂದೇ ವಿಷಯ ಹೇಳುತ್ತೇನೆ. ಊಟದ ಗಿರಾಕಿಗಳು ಕಡಿಮೆಯಾಗಿದ್ದರು, ಕರೆಂಟ್ ಹೋಗಿತ್ತು. ನಾವೆಲ್ಲ ಬಾಗಿಲಿಗೆ ಗೋಣಿಚೀಲ ಒಡ್ಡಿ, ರಸ್ತೆಯ ನೀರು ಒಳಗೆ ಬರದ ಹಾಗೆ ಕಾಯುತ್ತಾ ನಿಂತಿದ್ದೆವು. ಅಡುಗೆ ಮನೆಯಿಂದ ಭಟ್ರು ಕೂಗಿದರು. ಹೋಗಿ ನೋಡಿದರೆ ಪಾತ್ರೆ ತೊಳೆಯುವ ಮೋರಿಯ ಜಾಲರಿ ಗುಳುಗುಳು ಅನ್ನುತ್ತಿದೆ. ಮೊದಲು ಜಿರಳೆಗಳು ಮೇಲೆ ಬಂದವು, ರಾಶಿ ರಾಶಿ, ಗೋಡೆ ಹತ್ತಿದವು. ಹಿಂದೆಯೇ ಕಪ್ಪು ನೀರು. ನಾವು ಕಾಯುತ್ತಿದ್ದದ್ದು ಮುಂದಿನ ಬಾಗಿಲು, ನೀರು ಬಂದದ್ದು ನೆಲದಿಂದ. ಇಡ್ಲಿ ಹಿಟ್ಟಿನ ಪಾತ್ರೆಗಳು ತೇಲಿದವು. ಅಕ್ಕಿ ಮೂಟೆ ಎಂಟೋ ಒಂಬತ್ತೋ ಅಟ್ಟಕ್ಕೆ ಸಾಗಿಸಿದೆವು, ಉಳಿದದ್ದು ಹೋಯಿತು. ರಾತ್ರಿಯಿಡೀ ಅದೇ ಅಟ್ಟದಲ್ಲಿ ಹದಿನಾಲ್ಕು ಜನ ಕೂತಿದ್ದೆವು.

ಆ ದಿನ ಉಪನಗರದ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ದಾಖಲಾಯಿತು. ಅದೇ ದಿನ ದಕ್ಷಿಣ ತುದಿಯ ಕೊಲಾಬಾದಲ್ಲಿ ನೂರು ಮಿ.ಮೀ. ಕೂಡ ಆಗಲಿಲ್ಲ. ಒಂದೇ ಊರು! ಸಾಷ್ಟಿ ದ್ವೀಪದ ನಡುವೆ ನಾನೂರು ಮೀಟರಿಗೂ ಎತ್ತರದ ಗುಡ್ಡ, ಕಾಡು ಇದೆ. ವಿಹಾರ್ ಕೆರೆ, ಪವಾಯಿ ಕೆರೆ ತುಂಬಿ ಹರಿದ ನೀರೇ ಮೀಠಿ ನದಿ. ಅದು ವಿಮಾನ ನಿಲ್ದಾಣದ ಅಡಿಯಲ್ಲಿ ಹಾದು, ಕುರ್ಲಾ ದಾಟಿ, ಮಾಹಿಮ್‌ನಲ್ಲಿ ಕಡಲು ಸೇರುತ್ತದೆ. ಮೇಲಿಂದ ಗುಡ್ಡದ ನೀರು, ಕೆಳಗಿಂದ ಉಬ್ಬರ, ನಡುವೆ ನಾವು. ಮೊದಲು ನೀರು ಹರಡಿಕೊಳ್ಳುತ್ತಿದ್ದ ಕಾಂಡ್ಲಾ ಕಾಡು (ಉಪ್ಪುನೀರಿನಲ್ಲಿ ಬೆಳೆಯುವ ಮರಗಳದ್ದು), ಕೆಸರು ಬಯಲಿನ ಮೇಲೆ ಈಗ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ಗಾಜಿನ ಕಟ್ಟಡಗಳಿವೆ. ಪಂಪಿಂಗ್ ಸ್ಟೇಷನ್‌ಗಳು ಬಂದಿವೆ, ದಾದರ್ ಹತ್ತಿರದ ತಗ್ಗು ಜಾಗ ಹಿಂದ್‌ಮಾತಾದಲ್ಲಿ ನಿಲ್ಲುವ ನೀರಿಗೆ ನೆಲದೊಳಗೆ ದೊಡ್ಡ ಟಾಂಕಿ ಕಟ್ಟಿದ್ದಾರೆ, ಅದು ಒಳ್ಳೆಯ ಕೆಲಸ. ಆದರೂ ಕಡಲು ಇಳಿಯುವವರೆಗೆ ಕಾಯುವ ಕೆಲಸ ತಪ್ಪಿಲ್ಲ.

ಅದಾಗಿ ಕೆಲವು ವರ್ಷದ ಮೇಲೆ ಒಂದು ದಿನ ಬೆಳಿಗ್ಗೆ ಜೋರು ಮಳೆ ಬಂದು ಹನ್ನೊಂದಕ್ಕೆ ನಿಂತಿತು. ಇನ್ನು ಪರವಾಗಿಲ್ಲ ಅಂತ ದಣಿ ನೆಲ ಒರೆಸಲು ಹೇಳಿದರು. ಭಟ್ರು ಮಾತ್ರ ಬೇಡ ಅಂದರು, “ನಿನ್ನೆ ಅಮಾಸೆ, ಒಂದು ಗಂಟೆ ದಾಟಲಿ.” ಹನ್ನೆರಡೂವರೆಗೆ ಬಿಸಿಲಿನಲ್ಲೇ ಮೋರಿಯಿಂದ ನೀರು ಎದ್ದಿತು. ಎರಡೂವರೆಗೆ ತಾನಾಗಿಯೇ ಇಳಿಯಿತು. ಅಂದಿನಿಂದ ಮಳೆಗಾಲದಲ್ಲಿ ನಮ್ಮ ಗಲ್ಲೆಯ ಹಿಂದಿನ ಕರಿಹಲಗೆಯಲ್ಲಿ ಸ್ಪೆಷಲ್ ತಿಂಡಿಯ ಕೆಳಗೆ ಉಬ್ಬರದ ಹೊತ್ತು ಬರೆಯುತ್ತೇವೆ. ಗಿರಾಕಿಗಳು ಅದನ್ನು ನೋಡಿಯೇ ಹೊರಡುತ್ತಾರೆ, ಕೆಲವರು ಇನ್ನೊಂದು ಚಹಾ ಹೇಳಿ ಕೂರುತ್ತಾರೆ.

ನನ್ನ ಕೋರಿಕೆ ಇಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನವೂ ನಾಲ್ಕು ಸಾಲು ಜಾಗ ಕೊಡಿ. ಹಿಂದಿನ ದಿನದ ಮಳೆ, ಕೊಲಾಬಾದ್ದು ಬೇರೆ, ಸಾಂತಾಕ್ರೂಜ್‌ನದ್ದು ಬೇರೆ. ಆ ದಿನದ ಎರಡು ಉಬ್ಬರದ ಹೊತ್ತು ಮತ್ತು ಎತ್ತರ. ಇಳಿತದ ಹೊತ್ತನ್ನೂ ಹಾಕಿದರೆ ಒಳ್ಳೆಯದು, ನೀರು ಯಾವಾಗ ಇಳಿಯಬಹುದು ಅಂತ ತಿಳಿಯುತ್ತದೆ. ಮೊಬೈಲ್‌ನಲ್ಲಿ ಎಲ್ಲ ಸಿಗುತ್ತದಲ್ಲ ಅನ್ನಬಹುದು. ಸಿಗುತ್ತದೆ, ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ. ಭರತಿ, ಓಹೋಟಿ ಅಂದರೆ ಹೊಸದಾಗಿ ಊರಿಂದ ಬಂದ ಹುಡುಗನಿಗೆ ಏನು ಗೊತ್ತಾಗಬೇಕು? ಡೊಂಬಿವಲಿಯಲ್ಲಿ ಮಗನ ದಾರಿ ಕಾಯುವ ಅಮ್ಮಂದಿರು ಬೆಳಿಗ್ಗೆ ಕೈಗೆ ತೆಗೆದುಕೊಳ್ಳುವುದು ನಿಮ್ಮ ಪೇಪರನ್ನೇ. “ಇವತ್ತು ಒಂದೂವರೆಗೆ ದೊಡ್ಡ ಉಬ್ಬರ ಅಂತೆ, ಬೇಗ ಹೊರಡು ಮಗಾ” ಅಂತ ಅವರು ಕನ್ನಡದಲ್ಲೇ ಹೇಳಬೇಕು.

ಪಾಲಿಕೆಯ ಪಟ್ಟಿ ನಿಮ್ಮ ವರದಿಗಾರರಿಗೆ ಹೇಗೂ ಸಿಗುತ್ತದೆ. ಮುಂದಿನ ಅಮಾವಾಸ್ಯೆಗೆ ಮುಂಚೆ ಶುರು ಮಾಡಿದರೆ ಉಪಕಾರವಾಗುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗ,
ಕುರ್ಲಾ, ಮುಂಬಯಿ