ತೆರಿಗೆ ಜಾಸ್ತಿಯಾಯಿತು ಎಂದಷ್ಟೇ ಬರೆಸಬೇಡ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮುಂದಿನ ವಾರ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠ ಇದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೆಯಲ್ಲ. ಬೋಸ್ಟನ್ನಿನ ಜನ ಚಹಾವನ್ನು ಸಮುದ್ರಕ್ಕೆ ಸುರಿದ ಕಥೆಯಿಂದ ಮಾತ್ರ ಬೇಡ. ಅಲ್ಲಿಂದ ಶುರು ಮಾಡಿದರೆ ಮಕ್ಕಳು ‘ಬ್ರಿಟಿಷರು ವಿಪರೀತ ತೆರಿಗೆ ಹಾಕಿದರು, ಜನ ದಂಗೆ ಎದ್ದರು’ ಎಂದು ಎರಡು ಸಾಲು ಗೀಚಿ ಏಳುತ್ತಾರೆ. ಮೊದಲ ಸಾಲು ಅರ್ಧ ಸುಳ್ಳು. ಎರಡನೆಯದು ಆಗಲು ಹನ್ನೆರಡು ವರ್ಷ ಹಿಡಿಯಿತು.

ಮೊದಲ ದಿನ ಹಲಗೆಯ ಮೇಲೆ ಸಾಲದ ಲೆಕ್ಕ ಬರೆ. ಫ್ರೆಂಚರ ಜೊತೆಗಿನ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿಯುವಾಗ ಬ್ರಿಟನ್ನಿನ ಸಾಲ ಸುಮಾರು 13 ಕೋಟಿ ಪೌಂಡಿಗೆ ಏರಿತ್ತು. ಅದರ ಮೇಲೆ ಅಮೆರಿಕದಲ್ಲಿ 10,000 ಸೈನಿಕರನ್ನು ಸಾಕುವ ಯೋಜನೆ. ಇಂಗ್ಲೆಂಡಿನವರು ಆಗಲೇ ತೆರಿಗೆ ಕಟ್ಟಿ ಸೋತಿದ್ದರು; ಅಮೆರಿಕದಲ್ಲಿದ್ದ ಬ್ರಿಟಿಷ್ ವಸಾಹತುಗಳವರು ಅವರಿಗಿಂತ ಬಹಳ ಕಡಿಮೆ ಕಟ್ಟುತ್ತಿದ್ದರು. ನಿಮ್ಮ ರಕ್ಷಣೆಯ ಖರ್ಚಿನಲ್ಲಿ ಒಂದಿಷ್ಟು ನೀವೂ ಕೊಡಿ ಎಂದು ಲಂಡನ್ ಕೇಳಿದ್ದು ಲಂಡನ್ನಿನ ಕಣ್ಣಿಗೆ ನ್ಯಾಯವೇ. ಇದನ್ನು ಮಕ್ಕಳಿಗೆ ಮುಚ್ಚಿಡಬೇಡ. ಬ್ರಿಟಿಷರನ್ನು ಸಿನಿಮಾ ಖಳನಾಯಕರನ್ನಾಗಿ ಮಾಡಿದರೆ ಪಾಠ ಸುಲಭವಾಗುತ್ತದೆ, ಆದರೆ ಏನೂ ಅರ್ಥವಾಗುವುದಿಲ್ಲ.

ಆಮೇಲೆ ಕಾಕಂಬಿಗೆ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಬಾ. ಫ್ರೆಂಚ್ ದ್ವೀಪಗಳಿಂದ ಬರುತ್ತಿದ್ದ ಕಾಕಂಬಿಯಿಂದ ನ್ಯೂ ಇಂಗ್ಲೆಂಡಿನವರು, ಅಂದರೆ ಬೋಸ್ಟನ್ ಕಡೆಯ ಅಮೆರಿಕದ ವಸಾಹತುಗಳವರು, ರಮ್ ತೆಗೆಯುತ್ತಿದ್ದರು. ಗ್ಯಾಲನ್ನಿಗೆ 6 ಪೆನ್ಸ್ ಸುಂಕ ಎಂದು ಹಳೆಯ ಕಾನೂನು ಇತ್ತು, ಆದರೆ ಅದನ್ನು ಸರಿಯಾಗಿ ಕಟ್ಟಿದವರು ಕಡಿಮೆ. ಕಳ್ಳಸಾಗಣೆ ಇತ್ತು, ಸುಂಕದವರ ಕೈಬೆಚ್ಚಗೆ ಮಾಡುವುದೂ ಇತ್ತು. 1764ರಲ್ಲಿ ಪಾರ್ಲಿಮೆಂಟ್ ಸುಂಕವನ್ನು 3 ಪೆನ್ಸಿಗೆ ಇಳಿಸಿತು. ಅರ್ಧಕ್ಕರ್ಧ ಇಳಿದರೂ ಜನ ಸಿಟ್ಟಾದರು. ಯಾಕೆ? ಈ ಸಲ ನಿಜವಾಗಿಯೂ ವಸೂಲಿಗೆ ನಿಂತರು. ಸಿಕ್ಕಿಬಿದ್ದವನನ್ನು ವಿಚಾರಣೆ ಮಾಡಲು ಜ್ಯೂರಿ ಇಲ್ಲದ ನೌಕಾ ನ್ಯಾಯಾಲಯ. ಊರಿನ ಹನ್ನೆರಡು ಜನರ ಜ್ಯೂರಿಯಾದರೆ ಬಿಟ್ಟುಬಿಡುತ್ತಿದ್ದರು ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು.

ತೆರಿಗೆ ಇಳಿದಾಗ ಸಿಟ್ಟು ಏರಿದ್ದನ್ನು ಹಲಗೆಯ ಮೂಲೆಯಲ್ಲಿ ಬರೆದಿಡು, ಅಳಿಸಬೇಡ. ಚಹಾದ ಹತ್ತಿರ ಮತ್ತೆ ಬೇಕಾಗುತ್ತದೆ.

1765ರ ಸ್ಟಾಂಪ್ ಕಾಯ್ದೆ ನಮ್ಮ ಮಕ್ಕಳಿಗೆ ಕಷ್ಟವಲ್ಲ. ಛಾಪಾ ಕಾಗದ ಎಂದರೆ ಸಾಕು. ಕೋರ್ಟಿನ ಕಾಗದ, ಜಮೀನಿನ ಪತ್ರ, ಪಂಚಾಂಗ, ಪತ್ರಿಕೆ ಎಲ್ಲಕ್ಕೂ ಮುದ್ರೆ ಬೇಕು. ಇಸ್ಪೀಟಿನ ಒಂದು ಕಟ್ಟಿಗೆ 1 ಶಿಲ್ಲಿಂಗ್, ಒಂದು ಜೊತೆ ದಾಳಕ್ಕೆ 10 ಶಿಲ್ಲಿಂಗ್, ಪತ್ರಿಕೆಯ ಪ್ರತಿ ಜಾಹೀರಾತಿಗೆ 2 ಶಿಲ್ಲಿಂಗ್. ಕಟ್ಟುವುದು ಊರಿನ ನೋಟಿನಲ್ಲಲ್ಲ, ಇಂಗ್ಲೆಂಡಿನ ಹಣದಲ್ಲಿ. ಇಲ್ಲಿ ಲಂಡನ್ ಮಾಡಿದ ದಡ್ಡತನ ನೋಡು: ಏಟು ಬಿದ್ದದ್ದು ವಕೀಲರಿಗೆ, ಪತ್ರಿಕೆಯವರಿಗೆ, ಹೋಟೆಲಿನವರಿಗೆ. ಬಾಯಿ ಇದ್ದವರನ್ನೇ ಆರಿಸಿ ಕೆಣಕಿದ ಹಾಗಾಯಿತು.

ಕಾನೂನು ಬಿದ್ದುಹೋದದ್ದು ಭಾಷಣದಿಂದಲ್ಲ. ಆ ಕಾಗದ ಹಂಚಲು ಒಂದೊಂದು ವಸಾಹತಿಗೆ ಒಬ್ಬೊಬ್ಬ ಅಧಿಕಾರಿಯನ್ನು ನೇಮಿಸಿದ್ದರು. ಬೋಸ್ಟನ್ನಿನ ಆಂಡ್ರ್ಯೂ ಆಲಿವರನ ಪ್ರತಿಕೃತಿಯನ್ನು ಆಗಸ್ಟ್ 14ರಂದು ಮರಕ್ಕೆ ನೇತುಹಾಕಿ, ರಾತ್ರಿ ಅವನ ಮನೆಗೂ ನುಗ್ಗಿದರು. ಅವನು ಹುದ್ದೆ ಬೇಡ ಎಂದ. ಉಳಿದವರೂ ಒಬ್ಬರ ಹಿಂದೆ ಒಬ್ಬರು ಕೈಬಿಟ್ಟರು. ನವೆಂಬರ್ 1ಕ್ಕೆ ಕಾಯ್ದೆ ಜಾರಿಗೆ ಬರುವಾಗ ಕಾಗದ ಹಂಚುವವರೇ ಇಲ್ಲ ಎನ್ನುವ ಸ್ಥಿತಿ. ಇನ್ನೊಂದು ಕಡೆ ವರ್ತಕರು ಬ್ರಿಟಿಷ್ ಸಾಮಾನು ತರಿಸುವುದನ್ನು ನಿಲ್ಲಿಸಿದರು, ಇಂಗ್ಲೆಂಡಿನ ವ್ಯಾಪಾರಿಗಳೇ ಗೋಗರೆದರು, 1766ರ ಮಾರ್ಚ್ 18ರಂದು ಕಾಯ್ದೆ ರದ್ದಾಯಿತು. ಅದೇ ದಿನ ಇನ್ನೊಂದು ಕಾನೂನು: ಯಾವುದೇ ವಿಷಯದಲ್ಲಿ ವಸಾಹತುಗಳಿಗೆ ಕಾನೂನು ಮಾಡುವ ಅಧಿಕಾರ ಪಾರ್ಲಿಮೆಂಟಿಗೆ ಇದೆ ಎಂದು. ತೆರಿಗೆ ಹೋಯಿತು, ಜಗಳ ಉಳಿಯಿತು.

ಜಗಳ ಯಾವುದು ಎಂಬಲ್ಲಿ ಸ್ವಲ್ಪ ನಿಲ್ಲು. ವರ್ಜೀನಿಯದಲ್ಲಿ 1619ರಿಂದಲೇ ಚುನಾಯಿತ ಸಭೆ ಇತ್ತು. ತೆರಿಗೆ ಹಾಕುವುದು ಇಂಥ ಸಭೆಗಳೇ ಎಂಬುದು ರೂಢಿ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಅವರ ಪರವಾಗಿ ಒಬ್ಬನೂ ಇರಲಿಲ್ಲ. ‘ಮ್ಯಾಂಚೆಸ್ಟರಿನಿಂದಲೂ ಯಾರೂ ಇಲ್ಲ, ಆದರೂ ಪಾರ್ಲಿಮೆಂಟ್ ಎಲ್ಲರ ಪರ’ ಎಂಬುದು ಅಲ್ಲಿನ ಉತ್ತರ. ವಸಾಹತಿನವರು ಆಗ ಕೇಳುತ್ತಿದ್ದದ್ದು ಸ್ವಾತಂತ್ರ್ಯವನ್ನಲ್ಲ, ಇಂಗ್ಲಿಷರಿಗೆ ಇರುವ ಹಕ್ಕನ್ನು. ನಮ್ಮ ಹೋರಾಟದ ಜೊತೆ ಹೋಲಿಸುವಾಗ ಇದನ್ನು ಮರೆಯಬೇಡ. ಇವರು ಆಳಿಸಿಕೊಂಡ ಪರಜನರಲ್ಲ, ಹೆಚ್ಚಿನಂಶ ಆಳುವವರ ದಾಯಾದಿಗಳು.

1767ರ ಟೌನ್‌ಶೆಂಡ್ ಸುಂಕಗಳನ್ನು (ಬ್ರಿಟನ್ನಿನ ಹಣಕಾಸು ಮಂತ್ರಿಯ ಹೆಸರಿನವು) ಬೇಗ ಮುಗಿಸು. ಗಾಜು, ಸೀಸ, ಬಣ್ಣ, ಕಾಗದ, ಚಹಾ. ಮತ್ತೆ ಬಹಿಷ್ಕಾರ, 1770ರಲ್ಲಿ ಚಹಾದ ಸುಂಕವೊಂದನ್ನು ಉಳಿಸಿ ಮಿಕ್ಕದ್ದನ್ನು ತೆಗೆದರು. ಆ ವರ್ಷದ ಮಾರ್ಚ್ 5ರಂದು ಬೋಸ್ಟನ್ನಿನಲ್ಲಿ ಸೈನಿಕರ ಗುಂಡಿಗೆ ಐವರು ಸತ್ತರು.

ಈಗ ಚಹಾ. ಅದು ಅಸ್ಸಾಮಿನದಲ್ಲ, ಚೀನಾದ್ದು. ಈಸ್ಟ್ ಇಂಡಿಯಾ ಕಂಪನಿಯ ಗೋದಾಮಿನಲ್ಲಿ ಒಂದು ಕೋಟಿಗೂ ಮಿಕ್ಕಿ ಪೌಂಡ್ ತೂಕದ ಚಹಾ ಕೊಳೆಯುತ್ತಿತ್ತು, ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ಇಲ್ಲಿ ನಮ್ಮ ಕಡೆಯ ಎಳೆಯೊಂದಿದೆ: 1769ರಲ್ಲಿ ಹೈದರಾಲಿ ಮದರಾಸಿನ ಬಾಗಿಲಿಗೆ ಬಂದ ಸುದ್ದಿ ಮುಟ್ಟಿದಾಗ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿದಿತ್ತು. ದಿವಾಳಿಗೆ ಬೇರೆ ಕಾರಣಗಳೂ ಇವೆ, ಬಂಗಾಳದ ಬರಗಾಲವೂ ಸೇರಿ. ಇದೊಂದನ್ನೇ ಹಿಡಿದುಕೊಂಡು ಹೈದರನೇ ಅಮೆರಿಕಕ್ಕೆ ಸ್ವಾತಂತ್ರ್ಯ ಕೊಡಿಸಿದ ಎಂದು ಹೇಳಿಬಿಡಬೇಡ!

1773ರ ಕಾಯ್ದೆಯಿಂದ ಕಂಪನಿ ನೇರವಾಗಿ ಅಮೆರಿಕಕ್ಕೆ ಚಹಾ ಕಳಿಸಬಹುದಾಯಿತು. ಲಂಡನ್ನಿನ ಸುಂಕ ವಾಪಸ್, ನಡುವಿನ ವ್ಯಾಪಾರಿಗಳೂ ಇಲ್ಲ. ಅಮೆರಿಕದಲ್ಲಿ ಪೌಂಡಿಗೆ 3 ಪೆನ್ಸ್ ಹಳೆಯ ಸುಂಕ ಮಾತ್ರ. (ಪೌಂಡ್ ಹಣವೂ ಹೌದು, ತೂಕವೂ ಹೌದು, ಮಕ್ಕಳು ಇಲ್ಲಿ ಎಡವುತ್ತಾರೆ.) ಚಹಾ ಅಗ್ಗವಾಯಿತು, ಸಿಟ್ಟು ಮತ್ತೆ ಏರಿತು. ಹಲಗೆಯ ಮೂಲೆ ತೋರಿಸು. ಅಗ್ಗದ ಚಹಾ ಕೊಂಡರೆ ಆ 3 ಪೆನ್ಸ್ ಕಟ್ಟಿದ ಹಾಗೆ, ಕಟ್ಟಿದರೆ ಪಾರ್ಲಿಮೆಂಟಿನ ಅಧಿಕಾರ ಒಪ್ಪಿದ ಹಾಗೆ. ಊರಿನ ವರ್ತಕರಿಗೂ ಕಳ್ಳಸಾಗಣೆಯವರಿಗೂ ಹೊಟ್ಟೆಗೆ ಹೊಡೆತ ಬಿದ್ದದ್ದೂ ಸುಳ್ಳಲ್ಲ.

ನ್ಯೂಯಾರ್ಕ್, ಫಿಲಡೆಲ್ಫಿಯಗಳಿಂದ ಚಹಾದ ಹಡಗು ವಾಪಸ್ ಹೋದವು. ಬೋಸ್ಟನ್ನಿನಲ್ಲಿ ಯಾಕೆ ನೀರಿಗೆ ಬಿತ್ತು? ಹಡಗು ಬಂದ 20 ದಿನದೊಳಗೆ ಸುಂಕ ಕಟ್ಟದಿದ್ದರೆ ಅಧಿಕಾರಿಗಳು ಸರಕು ಜಪ್ತಿ ಮಾಡಬಹುದಿತ್ತು. ಡಾರ್ಟ್ಮೌತ್ ಹಡಗು ಬಂದದ್ದು ನವೆಂಬರ್ 28ರಂದು. ಸುಂಕ ಕಟ್ಟದೆ ಹಡಗು ಹೊರಡಲು ಗವರ್ನರ್ ಹಚಿನ್‌ಸನ್ ಬಿಡಲಿಲ್ಲ. ಅವನ ಮಕ್ಕಳೇ ಕಂಪನಿಯ ಏಜೆಂಟರಾಗಿದ್ದರು. ಗಡುವಿನ ಹಿಂದಿನ ರಾತ್ರಿ, ಡಿಸೆಂಬರ್ 16ರಂದು, ಮೂರು ಹಡಗುಗಳ ಸುಮಾರು 340 ಪೆಟ್ಟಿಗೆ ಒಡೆದು ಸುರಿದರು. 92,000 ಪೌಂಡ್ ತೂಕ, ನಮ್ಮ ಲೆಕ್ಕದಲ್ಲಿ 42 ಟನ್ನಿನಷ್ಟು. ಸಮುದ್ರ ಇಳಿತದಲ್ಲಿದ್ದದ್ದರಿಂದ ಚಹಾ ನೀರಿನ ಮೇಲೆ ಹುಲ್ಲಿನ ಬಣವೆಯ ಹಾಗೆ ನಿಂತಿತು. ಅದನ್ನು ತಳ್ಳಿ ತುಳಿದು ಕರಗಿಸಬೇಕಾಯಿತು.

1774ರಲ್ಲಿ ಬ್ರಿಟನ್ ಬೋಸ್ಟನ್ ಬಂದರು ಮುಚ್ಚಿತು, ಆ ಊರಿರುವ ಮ್ಯಾಸಚೂಸೆಟ್ಸ್ ವಸಾಹತಿನ ಸ್ವಯಮಾಡಳಿತ ಕಿತ್ತುಕೊಂಡಿತು. ಬೇರೆ ವಸಾಹತುಗಳಿಗೆ ‘ನಾಳೆ ನಮಗೂ ಇದೇ’ ಎನಿಸಿತು. ಸೆಪ್ಟೆಂಬರಿನಲ್ಲಿ 12 ವಸಾಹತುಗಳು ಫಿಲಡೆಲ್ಫಿಯದಲ್ಲಿ ಸೇರಿದವು, ಜಾರ್ಜಿಯ ಬರಲಿಲ್ಲ. ಡಿಸೆಂಬರ್ 1ರಿಂದ ಬ್ರಿಟಿಷ್ ಸಾಮಾನು ಬೇಡ, ಮುರಿದವರ ಹೆಸರನ್ನು ಪತ್ರಿಕೆಯಲ್ಲಿ ಹಾಕಲು ಊರೂರಿಗೆ ಸಮಿತಿ. ನನ್ನ ಮಟ್ಟಿಗೆ ಇಡೀ ಪಾಠದ ನಡುಗಂಬ ಈ ಸಮಿತಿಗಳು. ಅಂಗಡಿ ಕಾಯಲು ಹುಟ್ಟಿದವು ಮೆಲ್ಲಗೆ ಸರ್ಕಾರದ ಕೆಲಸವನ್ನೇ ಮಾಡತೊಡಗಿದವು. ಸ್ವಾತಂತ್ರ್ಯದ ಮಾತು ಬರುವ ಮೊದಲೇ ಅದರ ಕಚೇರಿ ತೆರೆದಿತ್ತು.

1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು. ಅಷ್ಟಾದರೂ ಜುಲೈನಲ್ಲಿ ಅರಸನಿಗೆ ಸಂಧಾನದ ಅರ್ಜಿ ಹೋಯಿತು! ತಪ್ಪೆಲ್ಲ ಪಾರ್ಲಿಮೆಂಟು ಮತ್ತು ಮಂತ್ರಿಗಳದು, ಅರಸ ಒಳ್ಳೆಯವನು ಎಂಬ ನಂಬಿಕೆ. ಮೂರನೇ ಜಾರ್ಜ್ ಆಗಸ್ಟ್ 23ರಂದು ಅವರನ್ನು ದಂಗೆಕೋರರೆಂದು ಘೋಷಿಸಿದ. ವರ್ಜೀನಿಯದ ಗವರ್ನರ್ ಡನ್ಮೋರ್, ದಂಗೆಕೋರರ ಗುಲಾಮರು ಅರಸನ ಸೈನ್ಯ ಸೇರಿದರೆ ಬಿಡುಗಡೆ ಎಂದ. ದಕ್ಷಿಣದ ಜಮೀನುದಾರರು ಬೆಚ್ಚಿಬಿದ್ದರು. ಇದನ್ನು ಬಿಟ್ಟು ಪಾಠ ಮಾಡಬೇಡ. 1776ರ ಜನವರಿಯಲ್ಲಿ ಥಾಮಸ್ ಪೇನನ ಕಿರುಹೊತ್ತಿಗೆ ಅರಸೊತ್ತಿಗೆಯನ್ನೇ ಗೇಲಿ ಮಾಡಿತು. ಉಳಿದಿದ್ದ ಒಂದು ಎಳೆಯೂ ಕಡಿಯಿತು. ಅದಕ್ಕೇ ಆ ವರ್ಷದ ಸ್ವಾತಂತ್ರ್ಯ ಘೋಷಣೆಯಲ್ಲಿರುವ ದೂರುಗಳನ್ನೆಲ್ಲ ಅರಸನ ತಲೆಗೇ ಕಟ್ಟಿದ್ದಾರೆ. ಪಾರ್ಲಿಮೆಂಟಿನ ಹೆಸರನ್ನು ಎತ್ತಿಲ್ಲ.

ತಾರೀಖು ಕೇಳುವ ಹುಡುಗ ಒಬ್ಬ ಇದ್ದೇ ಇರುತ್ತಾನೆ. ಸ್ವಾತಂತ್ರ್ಯಕ್ಕೆ ಮತ ಹಾಕಿದ್ದು ಜುಲೈ 2, ಘೋಷಣೆಯ ಪಠ್ಯ ಒಪ್ಪಿದ್ದು 4, ಹೆಚ್ಚಿನವರು ಸಹಿ ಮಾಡಿದ್ದು ಆಗಸ್ಟ್ 2. ಮುಂದಿನ ಪೀಳಿಗೆಗಳು ಜುಲೈ 2ರಂದು ಹಬ್ಬ ಮಾಡುತ್ತವೆ ಎಂದು, ಮತ ಹಾಕಿದವರಲ್ಲೊಬ್ಬನಾದ ಜಾನ್ ಆಡಮ್ಸ್ ಹೆಂಡತಿಗೆ ಪತ್ರ ಬರೆದಿದ್ದ. ಪರೀಕ್ಷೆಗೆ ಮಾತ್ರ ಜುಲೈ 4 ಎಂದೇ ಬರೆಸು.

ಇತಿ ನಿನ್ನ
ದೊಡ್ಡಪ್ಪ