ಸದ್ದು ತಗ್ಗಿಸಿದ ಕೈ ನನ್ನದು

ಮಾನ್ಯ ಸಂಪಾದಕರೇ,

ಗಿಟಾರ್ ಹಿಡಿದ ಹುಡುಗರು ವೇದಿಕೆಯ ಮೇಲೆ ರಾಜಕೀಯ ಮಾತನಾಡುವುದು ಅತಿಯಾಯಿತು, ಹಾಡಲು ಕರೆಸಿದವರು ಹಾಡಿ ಹೋಗಲಿ ಎಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದಾರೆ. ಮಾನ್ವಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ನನಗೆ ಈ ಮಾತು ಹೊಸದಲ್ಲ. ಆದರೆ ಇದನ್ನು ಓದಿದ ಮೇಲೆ ಒಂದು ಸಂಗತಿಯನ್ನು ಹೇಳದೆ ಇರಲಾಗಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ ನೀರು ಹೊರಬಿಡುವ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತಲ್ಲ, ಅದರ ಮರುತಿಂಗಳೇ ಗಣೇಶ ಹಬ್ಬ. ನಮ್ಮ ಕಡೆಯ ಒಂದು ಪೆಂಡಾಲಿಗೆ ರಾಯಚೂರಿನಿಂದ ನಾಲ್ವರು ಎಂಜಿನಿಯರಿಂಗ್ ಹುಡುಗರ ರಾಕ್ ಬ್ಯಾಂಡ್ ಬಂದಿತ್ತು. ಡಾಂಭಿಕರನ್ನು ಜಾಡಿಸುವ ದಾಸರ ಪದವೊಂದನ್ನು ಡ್ರಮ್ಸ್ ಬಡಿದು ಹಾಡಿದರು. ಜಗನ್ನಾಥದಾಸರ ಊರಿನವರು ನಾವು, ಕೇಳಬೇಕೇ? ಹಿರಿಯರೂ ತೊಡೆ ತಟ್ಟಿ ತಾಳ ಹಾಕಿದರು. ಪದ ಮುಗಿಸಿದ ಹುಡುಗ ನೀರು ಕುಡಿದು, "ಗೇಟ್ ಮುರಿಯುವ ತನಕ ಅದನ್ನು ಯಾರೂ ನೋಡಲಿಲ್ಲ. ಎಡದಂಡೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಾರದಿರುವುದನ್ನೂ ಯಾರೂ ನೋಡುವುದಿಲ್ಲ. ಓಟು ಕೇಳಲು ಬಂದವರನ್ನು ಒಮ್ಮೆ ಕೇಳಿ" ಎಂದ. ಅಷ್ಟೇ. ಅರ್ಧ ಜನ ಸಿಳ್ಳೆ ಹಾಕಿದರು, ಇನ್ನರ್ಧ ಜನ "ಭಾಷಣ ಸಾಕು, ಹಾಡು" ಎಂದು ಕೂಗಿದರು. ಐದು ನಿಮಿಷದ ಹಿಂದೆ ದಾಸರು ಬೈದಾಗ ತಲೆದೂಗಿದವರೇ ಅವರು!

ಅಷ್ಟರಲ್ಲಿ ಹಿಂದಿನಿಂದ ಬಂದ ಕಮಿಟಿಯವರೊಬ್ಬರು ನನ್ನ ಕಿವಿಯಲ್ಲಿ "ಸೌಂಡ್ ಇಳಿಸು" ಎಂದರು. ಬಾಡಿಗೆ ಕೊಡುವವರು ಅವರು. ನಾನು ಸದ್ದು ಏರಿಳಿಸುವ ಮಿಕ್ಸರ್‌ನಲ್ಲಿ ಅವನ ಮೈಕಿನ ಗುಂಡಿಯನ್ನು ಮೆಲ್ಲಗೆ ಕೆಳಕ್ಕೆಳೆದೆ. ಹುಡುಗನ ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ಅವನು ಮೈಕಿನ ತಲೆಯ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ ನನ್ನತ್ತ ನೋಡಿದ. ಮುಂದಿನ ಸಾಲಿನಲ್ಲಿದ್ದ ಮಕ್ಕಳು ನಕ್ಕರು.

ಹಾಡಿಗೂ ರಾಜಕೀಯಕ್ಕೂ ಸಂಬಂಧವಿಲ್ಲ ಎನ್ನುವವರು ಚುನಾವಣೆ ಬಂದಾಗ ನನ್ನ ಆಟೊದ ಹಿಂದೆ ಒಂದು ದಿನ ನಡೆಯಲಿ. ಸಿನಿಮಾ ಹಾಡಿನ ಧಾಟಿಗೆ ಅಭ್ಯರ್ಥಿಯ ಹೆಸರು ಕಟ್ಟಿ ಬೆಳಗಿನಿಂದ ಸಂಜೆಯವರೆಗೆ ಊದಿಸುತ್ತಾರೆ. ಎಲ್ಲ ಪಕ್ಷದವರೂ ಊದಿಸಿದ್ದಾರೆ, ಕೆಲವರ ಬಾಕಿ ಇನ್ನೂ ಬಂದಿಲ್ಲ. ಆಗ ಯಾರೂ ಹಾಡಿನಲ್ಲಿ ರಾಜಕೀಯ ಬೇಡ ಎಂದು ಆಟೊ ತಡೆದದ್ದನ್ನು ನಾನು ಕಂಡಿಲ್ಲ. ಹೊಗಳಿದರೆ ಅದು ಹಾಡು, ಪ್ರಶ್ನೆ ಕೇಳಿದರೆ ರಾಜಕೀಯ.

ಮೊದಲು ನಾನು ಗಂಗಾವತಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದೆ. ಹಂಪಿ, ಆನೆಗೊಂದಿಗೆ ಬಂದ ವಿದೇಶಿಯರು ಕ್ಯಾಸೆಟ್ ಕಾಪಿ ಮಾಡಿಸಲು ಬರುತ್ತಿದ್ದರು. ರಾಕ್ ಸಂಗೀತದ ಹುಚ್ಚು ಹತ್ತಿದ್ದು ಅಲ್ಲಿಯೇ. ವಿಯೆಟ್ನಾಂ ಯುದ್ಧದ ವಿರುದ್ಧ ದನಿ ಎತ್ತಿದ ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್‌ರನ್ನು 1972ರಲ್ಲಿ ನಿಕ್ಸನ್ ಸರ್ಕಾರ ಅಮೆರಿಕದಿಂದ ಹೊರಗಟ್ಟಲು ಹೊರಟಿತ್ತು. ಅದಕ್ಕಿಂತಲೂ ನನ್ನನ್ನು ಕಾಡುವುದು ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರ್ ಅವರ ಕಥೆ. 1992ರ ಅಕ್ಟೋಬರಿನಲ್ಲಿ ಅವರು ಚರ್ಚಿನೊಳಗೆ ಮಕ್ಕಳ ಮೇಲೆ ನಡೆಯುತ್ತಿದ್ದ ದೌರ್ಜನ್ಯವನ್ನು ಖಂಡಿಸಿ ಅಮೆರಿಕದ ಟಿ.ವಿ.ಯಲ್ಲಿ ಪೋಪರ ಚಿತ್ರವನ್ನು ಹರಿದರು. ಎರಡು ವಾರದ ನಂತರ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಾಡಲು ನಿಂತರೆ ಸಭೆ ಗದ್ದಲವೆಬ್ಬಿಸಿತು. ವಾದ್ಯದವರನ್ನು ನಿಲ್ಲಿಸಿದ ಆಕೆ ಮೈಕಿನ ಸದ್ದು ಏರಿಸಿ ಎಂದು ಹೇಳಿ, ವಾದ್ಯವಿಲ್ಲದೆಯೇ ಕೂಗಿ ಹಾಡಿದರು. ಆ ದೌರ್ಜನ್ಯ ನಿಜವೆಂದು ಐರ್ಲೆಂಡಿನಲ್ಲಿ ತನಿಖಾ ವರದಿಗಳು ಬಂದದ್ದು 2005ರಿಂದ ಈಚೆಗೆ. ಬೇರೆಯವರಿಗೆ ಈ ಕಥೆಯಲ್ಲಿ ಏನು ಕಾಣುತ್ತದೋ ಗೊತ್ತಿಲ್ಲ, ನನಗೆ ಮಾತ್ರ ಅಲ್ಲಿ ಮಿಕ್ಸರ್ ಮುಂದೆ ಕುಳಿತಿದ್ದವನೇ ಕಾಣುತ್ತಾನೆ.

ಹಾಗೆಂದು ಹಾಡುಗಾರನ ಬಾಯಿಂದ ಬಂದದ್ದೆಲ್ಲ ವೇದವಾಕ್ಯವಲ್ಲ. 1976ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ವಲಸಿಗರ ಮೇಲೆ ವೇದಿಕೆಯಿಂದಲೇ ವಿಷ ಕಾರಿದ್ದರು. ಅದಕ್ಕೆ ಸಿಟ್ಟಾದ ಕೆಲವರು ಜನಾಂಗದ್ವೇಷದ ವಿರುದ್ಧ ರಾಕ್ ಚಳವಳಿಯನ್ನೇ ಕಟ್ಟಿ, ಹಾಡಿನಿಂದಲೇ ಉತ್ತರ ಕೊಟ್ಟರು. ಆದ್ದರಿಂದ ನಮ್ಮ ಪೆಂಡಾಲಿನಲ್ಲಿ ಕೂಗಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಬಾಯಿಗೆ ಬಾಯಿ ಕೊಟ್ಟರು. ಎದ್ದು ಹೋಗಿದ್ದರೂ ತಪ್ಪಿರಲಿಲ್ಲ. ಹುಡುಗ ಇನ್ನೆರಡು ಮಾತು ಆಡಿದ್ದರೆ ಉತ್ತರ ಕೊಡಬೇಕಾದವರು ಉತ್ತರ ಕೊಡುತ್ತಿದ್ದರೋ ಏನೋ. ಅದಕ್ಕೆ ನಾನೇ ಅವಕಾಶ ಕೊಡಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವನು ಬಂದು, "ಕಾಕಾ, ಮೈಕ್ ಏನಾಗಿತ್ತು?" ಎಂದು ಕೇಳಿದ. ವೈರ್ ಲೂಸ್ ಆಗಿತ್ತಪ್ಪ ಎಂದುಬಿಟ್ಟೆ. ಅವನು ನಂಬಿದ, ಇಲ್ಲವೇ ನಂಬಿದಂತೆ ತಲೆಯಾಡಿಸಿದ. ಗಡಿಬಿಡಿಯಲ್ಲಿ ಗಿಟಾರಿನ ವೈರನ್ನು ಅಲ್ಲಿಯೇ ಬಿಟ್ಟುಹೋಗಿದ್ದಾನೆ. ಸುತ್ತಿ ಅಂಗಡಿಯ ಮೊಳೆಗೆ ನೇತುಹಾಕಿದ್ದೇನೆ. ಈ ಪತ್ರ ಅವನ ಕಣ್ಣಿಗೆ ಬಿದ್ದರೆ ಬಂದು ತೆಗೆದುಕೊಂಡು ಹೋಗಲಿ.

— ಮೈಕ್ ಸೆಟ್ ಅಂಗಡಿಯವ, ಮಾನ್ವಿ, ರಾಯಚೂರು ಜಿಲ್ಲೆ